ಚಿಕ್ಕಪ್ಪ ಮತ್ತೆ ಪ್ರೆಸ್ಸಿಗೆ ಕೂತದ್ದು

ಈ ವಿಷಯಕ್ಕೆ ನೀವು ಹೇಗೆ ಬಂದಿರಿ ಎಂದು ಕೇಳುವವರಿಗೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇದೆ. ಕುಡಿತದ ಚಟವನ್ನೂ ಅದರ ಹಿಂದಿರುವ ಮಾನಸಿಕ ಆಘಾತವನ್ನೂ ಒಟ್ಟಿಗೆ ಇಟ್ಟು ನೋಡುವವರು ಆಗ ಕಡಿಮೆ ಇದ್ದರು, ಹಾಗಾಗಿ ಬಂದೆ ಎನ್ನುತ್ತೇನೆ. ಕೇಳಿದವರು ತಲೆದೂಗುತ್ತಾರೆ, ಕಾಫಿ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ. ಈ ಉತ್ತರ ಹೇಳಿ ಹೇಳಿ ನನಗೇ ಸಾಕಾಗಿದೆ. ನಿಜ ಹೇಳಬೇಕೆಂದರೆ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿದ ಮೇಲೆ ಸಿಗುವ ನಮ್ಮ ಮನೆಯ ಹಿಂದೆ ಒಂದು ಶೆಡ್ಡು ಇತ್ತು, ಶೆಡ್ಡಿನೊಳಗೆ ತಗಡು ಕತ್ತರಿಸುವ ಪವರ್ ಪ್ರೆಸ್ಸುಗಳು ಇದ್ದವು, ಅವುಗಳಲ್ಲಿ ಒಂದರ ಮುಂದೆ ನಮ್ಮ ಚಿಕ್ಕಪ್ಪ ಕೂರುತ್ತಿದ್ದ. ಇಷ್ಟನ್ನು ಕಾಫಿ ಕುಡಿಯುತ್ತ ನಿಂತವರಿಗೆ ಹೇಳಲು ಆಗುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ನಮ್ಮೂರಿನ ಹೊಲಗಳು ಹೋದವು. ಉಳಿದ ತುಂಡು ಜಾಗದಲ್ಲಿ ಅಪ್ಪ ರಾಗಿ ಬಿತ್ತುವುದು ಬಿಟ್ಟು ಸಿಮೆಂಟ್ ಶೀಟಿನ ಶೆಡ್ಡುಗಳನ್ನು ಕಟ್ಟಿಸಿದ. ಬೆಳೆಗಿಂತ ಬಾಡಿಗೆ ವಾಸಿ, ಮಳೆಗೆ ಕಾಯಬೇಕಾಗಿಲ್ಲ ಎನ್ನುತ್ತಿದ್ದ. ಅವುಗಳಲ್ಲಿ ದೊಡ್ಡದನ್ನು ಪೇಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬರು ಹಿಡಿದು, ತಗಡಿನಿಂದ ವಾಷರು, ಕ್ಲಾಂಪು ಮಾಡುವ ಪ್ರೆಸ್ ಶಾಪು ಇಟ್ಟರು. ಅವರನ್ನು ಎಲ್ಲರೂ ಓನರ್ ಎಂದು ಕರೆಯುತ್ತಿದ್ದರು. ಶೆಡ್ಡಿನ ಓನರ್ ನಾನಲ್ಲವೇನು ಎಂದು ಅಪ್ಪ ಒಳಗೊಳಗೇ ಉರಿದುಕೊಳ್ಳುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಧಡ್, ಧಡ್ ಎಂದು ಪ್ರೆಸ್ಸು ಬೀಳುತ್ತಿತ್ತು. ಆ ಸದ್ದಿನಲ್ಲೇ ನಾನು ಓದಿದೆ, ಅಮ್ಮ ಅಕ್ಕಿ ಆರಿಸಿದಳು, ಅಜ್ಜಿ ಮಧ್ಯಾಹ್ನದ ನಿದ್ದೆ ಮಾಡಿದಳು. ಸದ್ದು ನಿಂತರೆ ಮಾತ್ರ ಅಜ್ಜಿಗೆ ಎಚ್ಚರವಾಗುತ್ತಿತ್ತು. ಕರೆಂಟು ಹೋಯಿತಾ ಎಂದು ಕೇಳಿ ಮತ್ತೆ ಮಗ್ಗುಲಾಗುತ್ತಿದ್ದಳು.

ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಉಳುವುದಕ್ಕೆ ಹೊಲ ಇಲ್ಲದ ಮೇಲೆ ನಮ್ಮದೇ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ಮೊದಲು ತಗಡು ಹೊತ್ತ, ಆಮೇಲೆ ಪ್ರೆಸ್ಸಿಗೆ ಕೂತ. ಎಡಗೈಯಿಂದ ತಗಡಿನ ಪಟ್ಟಿಯನ್ನು ಒಳಕ್ಕೆ ತಳ್ಳಬೇಕು, ಕಾಲಿನಿಂದ ಪೆಡಲು ಒತ್ತಬೇಕು, ಮೇಲಿನ ಅಚ್ಚು ಬಿದ್ದು ಎದ್ದ ಕೂಡಲೇ ಬಲಗೈ ಹಾಕಿ ತುಂಡನ್ನು ತೆಗೆಯಬೇಕು. ಈ ಕೆಲಸದಲ್ಲಿ ಅವನಷ್ಟು ಚುರುಕಿನವನು ಆ ಸಾಲಿನಲ್ಲೇ ಇರಲಿಲ್ಲ. ಕೈಗೆ ಅಡ್ಡ ಬರುತ್ತದೆ ಎಂದು ಪ್ರೆಸ್ಸಿನ ಮುಂದಿನ ಕಾವಲು ಜಾಲರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅಕ್ಕಪಕ್ಕದ ಶೆಡ್ಡುಗಳಲ್ಲೂ ಹಾಗೆಯೇ ಇರುತ್ತಿತ್ತು.

ಮಾತಿನಲ್ಲೂ ಚಿಕ್ಕಪ್ಪ ಚುರುಕು. ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಊರಿನ ಇನ್ನೊಂದು ತುದಿಯಲ್ಲಿದ್ದ ಮಾನಸಿಕ ಆಸ್ಪತ್ರೆಯಲ್ಲಿ ಮುಂದಿನ ತರಬೇತಿಗೆ ಸೇರುತ್ತೇನೆ ಎಂದಾಗ ಅಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಉಚ್ಚಾಸ್ಪತ್ರೇಲಿ ಓದೋ ಅಂಥಾದ್ದು ಏನೈತವ್ವ?" ಎಂದ. ಮದುವೆಗೆ ಬಂದ ಹುಡುಗಿಗೆ ಹುಚ್ಚರ ಸಹವಾಸ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಆಗ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಚಿಕ್ಕಪ್ಪನೇ ನನ್ನ ಪರ ನಿಂತ.

"ಓಗ್ಲಿ ಬಿಡಣ್ಣ. ನಮ್ಮನೇಲಿ ಒಬ್ರಾದ್ರೂ ಡಾಕ್ಟ್ರ ಜತೆ ಕೂತ್ಕಂಡು ಕಾಪಿ ಕುಡೀಲಿ."

ಅವನ ಮಾತಿಗೆ ಅಪ್ಪ ಎದುರು ಹೇಳುತ್ತಿದ್ದದ್ದು ಕಡಿಮೆ. ನಾನು ಸೇರಿದೆ.

ಸೇರಿದ್ದೇನೋ ಸರಿ, ಹೋಗಿ ಬರುವುದರಲ್ಲೇ ಹೈರಾಣಾದೆ. ಹೆದ್ದಾರಿಯವರೆಗೆ ಮಣ್ಣಿನ ರಸ್ತೆಯಲ್ಲಿ ನಡಿಗೆ, ಅಲ್ಲಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಆಸ್ಪತ್ರೆಗೆ ಇನ್ನೊಂದು. ಶಿಫ್ಟು ಬಿಡುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಣ್ಣೆ, ಬೆವರು, ಸಾರಾಯಿ ಮೂರೂ ಕಲೆತ ಗಾಳಿಯಲ್ಲಿ ಕಂಬಿ ಹಿಡಿದು ನಿಂತು, ಬೆಳಗ್ಗೆ ತರಗತಿಯಲ್ಲಿ ಕೇಳಿದ್ದನ್ನೆಲ್ಲ ಸಂಜೆ ಮನೆ ಸೇರುವಷ್ಟರಲ್ಲಿ ಮರೆಯುತ್ತಿದ್ದೆ. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಕಾಲು ನೋವು.

ಮೊದಲ ವರ್ಷ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ಬಸ್ಸಿಳಿದು ಬರುವಾಗ ಪ್ರೆಸ್ಸಿನ ಸದ್ದು ಇರಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡೆ. ಮನೆಯ ಮುಂದೆ ಜನ ನಿಂತಿದ್ದರು. ಒಂದು ಸಲ ಪೆಡಲು ಒತ್ತಿದ್ದಕ್ಕೆ ಪ್ರೆಸ್ಸು ಎರಡು ಸಲ ಬಿದ್ದಿತ್ತು. ಹಳೆಯ ಯಂತ್ರಗಳು ಹಾಗೆ ಮಾಡುವುದುಂಟು. ಚಿಕ್ಕಪ್ಪನ ಬಲಗೈಯ ತೋರುಬೆರಳು, ನಡುಬೆರಳು ಹೋಗಿದ್ದವು. ಕಾರ್ಮಿಕರ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮಲಗಿಸಿದ್ದರು. ನಾನು ಹೋದಾಗ ಬ್ಯಾಂಡೇಜಿನ ಕೈಯನ್ನು ಎತ್ತಿ ತೋರಿಸಿ, ಇನ್ನು ಮೇಲೆ ಯಾರಿಗೂ ಬೆರಳು ಮಾಡಿ ತೋರಿಸೋ ಹಾಗಿಲ್ಲ ಎಂದು ನಗಲು ನೋಡಿದ. ನಾನು ಅಲ್ಲೇ ಅತ್ತುಬಿಟ್ಟೆ.

ಕೈ ಮಾಯ್ದ ಮೇಲೆ ನಡೆದದ್ದನ್ನು ಹೇಳುವ ಮೊದಲು ನಮ್ಮ ಕಡೆಯ ಶೆಡ್ಡುಗಳಲ್ಲಿ ಬೆಳೆದಿದ್ದ ಒಂದು ಪದ್ಧತಿಯನ್ನು ಹೇಳಬೇಕು. ರಕ್ತ ಕಂಡ ಯಂತ್ರಕ್ಕೆ ಶಾಂತಿ ಮಾಡಿಸಬೇಕು, ಮತ್ತು ಯಾರ ರಕ್ತ ಕಂಡಿತೋ ಅವನೇ ಬಂದು ಅದನ್ನು ಮೊದಲು ನಡೆಸಬೇಕು. ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಹೀಗೆ ಮಾಡಿದರೆ ಯಂತ್ರದ ಕೋಪವೂ ಇಳಿಯುತ್ತದೆ, ಮನುಷ್ಯನ ಹೆದರಿಕೆಯೂ ಬಿಡುತ್ತದೆ ಎಂಬ ನಂಬಿಕೆ. ಹೋರಿ ಹಾಯ್ದರೆ ಹಾಯಿಸಿಕೊಂಡವನ ಕೈಯಲ್ಲೇ ಅದೇ ಹೋರಿಗೆ ಮೇವು ಹಾಕಿಸುತ್ತಿದ್ದ ಜನ ನಮ್ಮವರು. ಹೊಲ ಹೋಗಿತ್ತು, ಹೋರಿ ಹೋಗಿತ್ತು, ಆ ಬುದ್ಧಿ ಮಾತ್ರ ಉಳಿದು ಶೆಡ್ಡಿನೊಳಕ್ಕೆ ಬಂದಿತ್ತು. ಮೇವು ಹಾಕಿದವನ ಮುಖವನ್ನು ಹೋರಿ ಮರೆಯುವುದಿಲ್ಲ, ಅದು ಪಳಗುತ್ತದೆ. ಪ್ರೆಸ್ಸಿಗೆ ಯಾರ ಮುಖವೂ ಗೊತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ದೊಡ್ಡ ತೊಂದರೆ.

ಆ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಅಮ್ಮ ಹೇಳಿದಂತೆ ಪ್ರೆಸ್ಸಿಗೆ ಅರಿಸಿನ ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದರು. ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತ. ಕೂತವನು ಪೆಡಲಿಗೆ ಕಾಲು ಇಟ್ಟು, ತೆಗೆದು, ಮತ್ತೆ ಇಟ್ಟು ತೆಗೆದ. ಪಕ್ಕದ ಪ್ರೆಸ್ಸಿಗೆ ಕೂರುತ್ತಿದ್ದ ಅವನ ಗೆಳೆಯ, ಇಬ್ಬರೂ ಒಟ್ಟಿಗೆ ಕೆಲಸ ಕಲಿತವರು, ಅವನನ್ನು ಎಬ್ಬಿಸಿ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ಲೋಟ ಸಾರಾಯಿ ಕುಡಿಸಿದ. ಒಂಚೂರು ಧೈರ್ಯ ಹಾಕ್ಕೊ ಎಂದನಂತೆ. ಚಿಕ್ಕಪ್ಪ ಬಂದು ಕೂತ, ಒತ್ತಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಅದುವರೆಗೆ ಅವನು ಹಬ್ಬ, ಮದುವೆ ಎಂದು ಎಂದಾದರೊಮ್ಮೆ ಕುಡಿದವನೇ ಹೊರತು ಹಗಲು ಹೊತ್ತು ಅವನ ಬಾಯಲ್ಲಿ ಸಾರಾಯಿ ವಾಸನೆ ಬಂದದ್ದಿಲ್ಲ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಶೆಡ್ಡಿಗೆ ಹೋಗುವ ಮುಂಚೆ ಒಂದು ಲೋಟ. ಆಮೇಲೆ ಮಧ್ಯಾಹ್ನವೂ ಒಂದು. ಮೊದಮೊದಲು ಭಾನುವಾರ ಬೆಳಗ್ಗೆ ಮಾತ್ರ ಕುಡಿಯುತ್ತಿರಲಿಲ್ಲ, ಯಾಕೆಂದರೆ ಭಾನುವಾರ ಶೆಡ್ಡಿಗೆ ಬೀಗ. ಇದು ನನ್ನ ಕಣ್ಣಿಗೆ ಬಿದ್ದಿತ್ತು, ಅದರಿಂದ ಏನು ತಿಳಿಯಬೇಕು ಎಂದು ಹೇಳಿಕೊಡುವವರು ಇರಲಿಲ್ಲ. ಒಂದೆರಡು ವರ್ಷದಲ್ಲಿ ಭಾನುವಾರವೂ ಹೋಯಿತು. ಸಹವಾಸ ಕೆಟ್ಟಿತು ಎಂದು ಅಪ್ಪ ಗೆಳೆಯನನ್ನು ಬೈದ. ಅಜ್ಜಿ ದೃಷ್ಟಿ ತೆಗೆದಳು. ಅಮ್ಮ ಚಿಕ್ಕಮ್ಮನ ಬಾಯಿ ಜೋರು ಎಂದಳು. ಚಿಕ್ಕಮ್ಮ ಆ ಮನೆಯಲ್ಲಿ ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಅತ್ತ ಆಸ್ಪತ್ರೆಯಲ್ಲಿ ನನ್ನ ಸಂಶೋಧನೆಗೆ ಸಿಕ್ಕಿದ ವಿಷಯ ಕುಡುಕರ ವ್ಯಕ್ತಿತ್ವ. ನಾನು ಆರಿಸಿದ್ದಲ್ಲ, ನನ್ನ ಗೈಡು ಕೊಟ್ಟದ್ದು. ಅವರು ಕಟ್ಟುನಿಟ್ಟಿನ ಮನುಷ್ಯರು, ಕೆಟ್ಟವರಲ್ಲ. ವಿದೇಶದಲ್ಲಿ ತಯಾರಾದ ಒಂದು ಪ್ರಶ್ನಾವಳಿಯನ್ನು ಯಾರೋ ಕನ್ನಡಕ್ಕೆ ತಂದಿದ್ದರು. ಅದನ್ನು ಹಿಡಿದು ನಾನು ಮಂಚದಿಂದ ಮಂಚಕ್ಕೆ ಅಲೆಯಬೇಕು. 'ಸಾಮಾಜಿಕ ಸಮಾರಂಭಗಳಲ್ಲಿ ನಾನು ಉಲ್ಲಾಸವನ್ನು ಅನುಭವಿಸುತ್ತೇನೆ, ಹೌದು ಅಥವಾ ಇಲ್ಲ.' ಲಗ್ಗೆರೆಯ ಕಡೆಯ ಒಬ್ಬ ಫಿಟ್ಟರು ಇದನ್ನು ಎರಡು ಸಲ ಓದಿಸಿಕೊಂಡು, "ಮೇಡಂ, ಇದು ಮದ್ವೆ ಊಟದ್ ವಿಷ್ಯಾನಾ?" ಎಂದು ಕೇಳಿದ. ಇರಬಹುದು ಎಂದೆ. ಹಾಗಾದರೆ ಹೌದು ಎಂದು ಬರೆಸಿದ. ಕುಡಿಯಲು ಯಾಕೆ ಶುರು ಮಾಡಿದಿರಿ ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ, ಗೆಳೆಯರು. ಬರೆದು ಬರೆದು ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಸಂಜೆ ಬಸ್ಸು ಹಿಡಿದು ಮನೆಗೆ ಬಂದರೆ ಇಲ್ಲಿ ಜಗಲಿಯ ಮೇಲೆ ಚಿಕ್ಕಪ್ಪ. ಆಸ್ಪತ್ರೆಯಿಂದ ಆಸ್ಪತ್ರೆಗೇ ಬಂದ ಹಾಗಾಗುತ್ತಿತ್ತು.

ಕೊನೆಗೆ ಅವನನ್ನು ನಮ್ಮ ವಾರ್ಡಿಗೇ ಸೇರಿಸಿದೆ. ಊಟ ಸೇರುತ್ತಿರಲಿಲ್ಲ, ಕಣ್ಣು ಹಳದಿ ತಿರುಗಿತ್ತು. ಅಪ್ಪ ಒಪ್ಪಲಿಲ್ಲ. ಚಿಕ್ಕಪ್ಪ ಮಾತ್ರ, "ನೀನಿದ್ದೀಯಲ್ಲ, ನಡಿ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ಮೊದಲ ಕೆಲವು ದಿನ ಕಷ್ಟಪಟ್ಟ, ಮೈಯೆಲ್ಲ ಬೆವರು, ವಾಂತಿ, ಅರ್ಥವಿಲ್ಲದ ಮಾತು. ವಾರ್ಡಿನ ಡಾಕ್ಟರು, ವಯಸ್ಸಿನ್ನೂ ಚಿಕ್ಕದು, ಡ್ಯೂಟಿ ಮುಗಿದ ಮೇಲೂ ಅವನ ಪಕ್ಕದಲ್ಲಿ ಕೂರುತ್ತಿದ್ದರು. ಆಮೇಲೆ ಅವನು ಚೇತರಿಸಿಕೊಂಡ. ತಟ್ಟೆ ತುಂಬ ಅನ್ನ ಉಂಡ, ಅಕ್ಕಪಕ್ಕದ ಮಂಚದವರನ್ನು ನಗಿಸಿದ, ಡಾಕ್ಟರಿಗೆ ರಾಗಿಮುದ್ದೆ ನುಂಗುವ ಬಗೆಯನ್ನು ಹೇಳಿಕೊಟ್ಟ. ನಮ್ಮ ಹಳೇ ಚಿಕ್ಕಪ್ಪ ಸಿಕ್ಕಿಬಿಟ್ಟ ಎಂದು ನನಗೆ ಹಿಗ್ಗು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನ ಎದುರು ಕೂತು ಮನೆಯ ಸುದ್ದಿ ಹೇಳುತ್ತಿದ್ದೆ. ಅಡುಗೆಯವಳ ಕೈಯಿಂದ ಸ್ಟೀಲ್ ತಟ್ಟೆಗಳ ರಾಶಿ ಜಾರಿ ಸಿಮೆಂಟು ನೆಲದ ಮೇಲೆ ಬಿತ್ತು. ಎಲ್ಲರೂ ಬೆಚ್ಚಿದೆವು, ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಅವನ ಬಲಗೈ ಎಡ ಕಂಕುಳೊಳಗೆ ಹೋಗಿ ಸೇರಿಕೊಂಡಿತ್ತು. ಮುಖ ಬಿಳಿಚಿ, ಹಣೆಯ ಮೇಲೆ ಬೆವರಿತ್ತು. ಏನಾಯಿತು ಎಂದರೆ, ಏನಾಯಿತು ಎಂದು ನನ್ನನ್ನೇ ಕೇಳಿದ. ಕೈ ಅಲ್ಲಿ ಹೋಗಿರುವುದು ಅವನಿಗೆ ಗೊತ್ತೇ ಇರಲಿಲ್ಲ. ನಾನು ತೋರಿಸಿದ ಮೇಲೆ ಮೆಲ್ಲಗೆ ಆಚೆ ತೆಗೆದು ನೋಡಿಕೊಂಡ.

"ಅಲ್ಲೂ ಇಂಗೇ ಕಣವ್ವ," ಎಂದ. "ಪಕ್ಕದ ಪ್ರೆಸ್ಸು ಬಿದ್ರೂವೆ ನನ್ನ ಕೈ ನನ್ನ ಮಾತ್ ಕೇಳಾಕಿಲ್ಲ. ಒಂದ್ ಲೋಟ ಆಕ್ಕಂಡ್ರೆ ಕೇಳ್ತದೆ."

ಇಷ್ಟು ದಿನ ಮನೆಯಲ್ಲಿ, ವಾರ್ಡಿನಲ್ಲಿ, ನನ್ನ ಪ್ರಶ್ನಾವಳಿಯಲ್ಲಿ ಎಲ್ಲರೂ ಸಾರಾಯಿಯ ಬಗ್ಗೆ ಮಾತಾಡಿದ್ದೆವು. ಕೈಯ ಬಗ್ಗೆ ಯಾರೂ ಕೇಳಿರಲಿಲ್ಲ. ನನಗೆ ಆ ಕ್ಷಣ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ಪ್ರಶ್ನಾವಳಿ ಮುಗಿದ ಮೇಲೆ ಒಂದು ಮಾತು ಹೆಚ್ಚಿಗೆ ಕೇಳತೊಡಗಿದೆ. ಕುಡಿತ ಜಾಸ್ತಿಯಾಯಿತಲ್ಲ, ಅದಕ್ಕೂ ಸ್ವಲ್ಪ ಮುಂಚೆ ಏನಾದರೂ ಆಗಿತ್ತೇ? ಹೆಚ್ಚಿನವರು ಏನಿಲ್ಲ ಎಂದರು. ಕೆಲವರು ಕಿಟಕಿಯ ಕಡೆ ನೋಡಿದರು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ, ಜೊತೆಯವನ ತೋಳು ಬೆಲ್ಟಿಗೆ ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದ. "ಅದನ್ನೂ ಕೇಳ್ತೀರಾ ಮೇಡಂ ನೀವು?" ಎಂದ. ಕೇಳಬಾರದಿತ್ತೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹೇಳಲು ಶುರು ಮಾಡಿದ. ಮುಗಿಸುವವರೆಗೆ ನೀರು ಕೂಡ ಕುಡಿಯಲಿಲ್ಲ.

ಇದನ್ನೆಲ್ಲ ಗೈಡಿನ ಮುಂದೆ ಇಟ್ಟೆ. ಅವರು ಸಮಾಧಾನದಿಂದ ಕೇಳಿದರು.

"ನೋಡಮ್ಮ, ಕುಡಿಯೋವ್ರಿಗೆ ಕಾರಣ ಬೇಕಾಗಿರುತ್ತೆ. ಕೇಳಿದ್ರೆ ಒಂದು ಕೊಡ್ತಾರೆ. ನಿಮ್ ಚಿಕ್ಕಪ್ಪ ನಿಮ್ಗೆ ಚಿಕ್ಕಪ್ಪ, ರಿಸರ್ಚಿಗೆ ಒಂದು ಕೇಸು ಅಷ್ಟೆ. ಮೊದ್ಲು ಒಪ್ಕೊಂಡಿರೋದನ್ನ ಮುಗ್ಸಿ."

ಅವರು ಹೇಳಿದ್ದು ತಪ್ಪು ಎಂದು ವಾದಿಸಲು ನನ್ನಲ್ಲಿ ವಿದ್ಯೆಯೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ಟ್ರಾಮಾ ಎಂದರೆ ಆಗ ನಮ್ಮ ಬಾಯಲ್ಲಿ ಮೂಳೆ ಮುರಿದವರ, ತಲೆ ಒಡೆದವರ ವಾರ್ಡು. ಮನಸ್ಸಿಗೆ ಆ ಪದ ಹಚ್ಚುವುದನ್ನು ಪುಸ್ತಕದಲ್ಲಿ ಓದಿದ್ದೆವು, ಅದೂ ಯುದ್ಧಕ್ಕೆ ಹೋದ ಸೈನಿಕರ ಬಗ್ಗೆ. ಪೀಣ್ಯದಲ್ಲಿ ಯಾವ ಯುದ್ಧ?

ಚಿಕ್ಕಪ್ಪ ಬಿಡುಗಡೆಯಾಗುವ ದಿನ ಬಂತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಲಿವರು ಅರ್ಧ ಹೋಗಿದೆ, ಇನ್ನೊಮ್ಮೆ ಕುಡಿತಕ್ಕೆ ಬಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅವನಿಗೂ ಹೇಳಿದರು. ಆಮೇಲೆ ಕೆಲಸಕ್ಕೆ ಯೋಗ್ಯ ಎಂದು ಸರ್ಟಿಫಿಕೇಟು ಕೊಟ್ಟರು. ಯಾವ ಕೆಲಸ ಎಂದು ಅದರಲ್ಲಿ ಬರೆಯುವ ಪದ್ಧತಿ ಇರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಆಚೆ ನೋಡುತ್ತ ಅವನು ಹುರುಪಿನಲ್ಲಿದ್ದ, ನನಗೆ ಒಂದೇ ಯೋಚನೆ. ಆ ಪ್ರೆಸ್ಸಿಗೆ ಕೂತರೆ ಇವನು ಕುಡಿಯುತ್ತಾನೆ, ಕುಡಿದರೆ ಸಾಯುತ್ತಾನೆ. ಇವನನ್ನು ಆ ಸ್ಟೂಲಿನಿಂದ ದೂರ ಇಡಬೇಕು.

ಅದು ಸುಲಭ ಎಂದೇ ನಾನು ತಿಳಿದಿದ್ದೆ. ಓನರ್ ಬಳಿ ಹೋಗಿ ಪ್ಯಾಕಿಂಗಿಗೆ ಹಾಕಿಕೊಳ್ಳಿ ಎಂದು ಕೇಳಿದೆ. ಅವರು ತಕ್ಷಣ ಒಪ್ಪಿದರು. "ಅದಕ್ಕೇನ್ರೀ, ಸಂಬಳ ಅದೇ ಕೊಡ್ತೀನಿ. ಪ್ರೆಸ್ಸಿಗೆ ಬೇರೆಯವ್ರು ಇದ್ದಾರೆ" ಎಂದರು. ನಾನು ಗೆದ್ದವಳಂತೆ ಮನೆಗೆ ಬಂದು ಹೇಳಿದರೆ ಅಪ್ಪ ಕೆಂಡವಾದ.

"ಪ್ಯಾಕಿಂಗು ಎಂಗಸ್ರು ಮಾಡೋ ಕೆಲ್ಸ. ಊರೆಲ್ಲ ಏನಂತೈತೆ ಗೊತ್ತಾ ನಿಂಗೆ? ಇವ್ರ ತಮ್ಮನ್ನ ಉಚ್ಚಾಸ್ಪತ್ರೆಗೆ ಆಕಿದ್ರು, ತಲೆ ಸರಿಯಿಲ್ಲ ಅಂತೈತೆ. ಈಗ ಪ್ರೆಸ್ಸು ಬಿಡ್ಸಿ ಡಬ್ಬ ತುಂಬಾಕೆ ಕೂರ್ಸಿದ್ರೆ ಔದು ಅಂತ ನಾವೇ ಒಪ್ಪ್ಕಂಡಂಗೆ."

"ಜನ ಏನಾದ್ರೂ ಅಂದ್ಕೊಳ್ಳಿ ಅಪ್ಪ. ಅವ್ನು ಅಲ್ಲಿ ಕೂತ್ರೆ ಮತ್ತೆ ಕುಡೀತಾನೆ. ಸತ್ತೋಗ್ತಾನೆ."

"ಅವ್ನಿಗೆ ಎದರಿಕೆ. ಎದರಿಕೆನ ಅಂಗೇ ಬಿಟ್ರೆ ಅದು ಮೈಮೇಲೆ ಬತ್ತದೆ. ಎದುರ್ಗೆ ನಿಂತ್ಕಂಡು ಮುರೀಬೇಕು. ನೀನ್ ಓದಿರೋದು ಉಚ್ಚರ ವಿಸ್ಯ. ಅವ್ನೇನ್ ಉಚ್ಚನಾ?"

ಅವನು ಹುಚ್ಚನಲ್ಲ ಎಂದರೆ ಪ್ರೆಸ್ಸಿಗೆ ಕೂರಬೇಕು, ಕೂರಬಾರದು ಎಂದರೆ ಹುಚ್ಚ ಎನ್ನಬೇಕು. ವಾಸಿ ಮಾಡಲೆಂದು ನಾನು ಕರೆದುಕೊಂಡು ಹೋದ ಆಸ್ಪತ್ರೆಯ ಹೆಸರೇ ಅವನನ್ನು ಮತ್ತೆ ಅದೇ ಸ್ಟೂಲಿಗೆ ತಳ್ಳುತ್ತಿತ್ತು. ಶೆಡ್ಡಿನವರೂ ಅಪ್ಪನ ಪರವೇ. ಹೋದ ಸಲ ಶಾಂತಿ ಸರಿಯಾಗಿ ಆಗಲಿಲ್ಲ, ಅದಕ್ಕೇ ಪ್ರೆಸ್ಸು ಅವನ ತಲೆಗೆ ಕೈ ಹಾಕಿತು, ಈ ಸಲ ಪುರೋಹಿತರನ್ನೇ ಕರೆಸಿ ದೊಡ್ಡದಾಗಿ ಮಾಡೋಣ ಎಂದರು. ಗೆಳೆಯ ತನ್ನ ಖರ್ಚಿನಲ್ಲೇ ಹಾರ ತರುತ್ತೇನೆ ಎಂದ.

ಕೊನೆಯ ಆಸೆ ಎಂದರೆ ಚಿಕ್ಕಪ್ಪನೇ ಒಲ್ಲೆ ಎನ್ನಬೇಕು. ಹಿತ್ತಲಲ್ಲಿ ಚಿಕ್ಕಮ್ಮನಿಗೆ ಅವರೆಕಾಯಿ ಬಿಡಿಸಿಕೊಡುತ್ತ ಕೂತಿದ್ದ. ಎರಡು ಬೆರಳಿಲ್ಲದ ಕೈಗೆ ಕಾಯಿ ಜಾರುತ್ತಿತ್ತು, ಆದರೂ ಬಿಡದೆ ಬಿಡಿಸುತ್ತಿದ್ದ. ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತಟ್ಟೆ ಬಿದ್ದ ದಿನದ್ದು, ಕೈಯದ್ದು, ಲಿವರಿನದ್ದು, ನನಗಿರುವ ಭಯದ್ದು. ನೀನು ಒಂದು ಸಲ ಆಗಲ್ಲ ಅನ್ನು ಚಿಕ್ಕಪ್ಪ, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಚಿಕ್ಕಮ್ಮ ಕಾಳಿನ ಮೊರದಿಂದ ತಲೆ ಎತ್ತಲಿಲ್ಲ.

"ನೀನೇಳೋದು ನಿಜ ಇರ್ಬೌದು ಮಗಾ," ಎಂದ ಅವನು. "ಆದ್ರೆ ನಿನ್ನೆ ಅಂಗ್ಡಿ ತಾವ ಓಗಿದ್ನಲ್ಲ, ಐಕ್ಳು ನನ್ ನೋಡಿ ಓಡೋದ್ವು. ಮೊದ್ಲು ಕುಡ್ಕ ಅಂತಿದ್ರು, ಅದೆಂಗೋ ತಡ್ಕತಿದ್ದೆ. ಇದ ತಡ್ಕಳಾಕೆ ಆಗಾಕಿಲ್ಲ. ಒಂದ್ ಕಿತ ಎಲ್ರ ಎದುರ್ಗೆ ಒತ್ ಬುಡ್ತೀನಿ. ಆಮ್ಯಾಕೆ ನೀನೆಂಗೇಳಿದ್ರೆ ಅಂಗೆ."

ನಾನು ಅವನ ಮುಂದಿದ್ದ ಕಾಯಿಯನ್ನು ತೆಗೆದುಕೊಂಡು ಬಿಡಿಸಿದೆ.

ಪೂಜೆಯ ಬೆಳಗ್ಗೆ ನಾನು ಆಸ್ಪತ್ರೆಗೆ ಹೋಗಲಿಲ್ಲ. ಪೂಜೆಯ ಹೊತ್ತಿಗೆ ಪ್ರೆಸ್ಸಿನ ಹತ್ತಿರ ಹೆಂಗಸರು ನಿಲ್ಲುವ ರೂಢಿ ಇರಲಿಲ್ಲ, ನಾನು ಓದಿದವಳು ಎಂದು ಬಿಟ್ಟರು. ಪ್ರೆಸ್ಸಿಗೆ ಸೇವಂತಿಗೆ ಹಾರ, ಚಕ್ರಕ್ಕೆ ವಿಭೂತಿ, ಪೆಡಲಿನ ಕೆಳಗೆ ನಿಂಬೆಹಣ್ಣು. ಅಕ್ಕಪಕ್ಕದ ಶೆಡ್ಡಿನವರೂ ಯಂತ್ರ ನಿಲ್ಲಿಸಿ ಬಂದಿದ್ದರು. ಚಿಕ್ಕಪ್ಪ ಮಿಂದು ಬಿಳಿ ಅಂಗಿ ಹಾಕಿಕೊಂಡಿದ್ದ. ಪುರೋಹಿತರು ಮಂತ್ರ ಹೇಳಿದರು, ಕುಂಬಳಕಾಯಿ ಒಡೆಯಿತು, ಅಪ್ಪ ತಾನೇ ಸ್ವಿಚ್ಚು ಹಾಕಿದ. ಚಕ್ರ ತಿರುಗತೊಡಗಿತು. ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತು ತಗಡಿನ ಪಟ್ಟಿಯನ್ನು ಒಳಕ್ಕೆ ಇಟ್ಟ, ಕಾಲನ್ನು ಪೆಡಲಿನ ಮೇಲೆ ಇಟ್ಟ.

ಒತ್ತಲಿಲ್ಲ.

ನಾವೆಲ್ಲ ಕಾದೆವು. ಅವನ ಬಲಗೈ ಕಂಕುಳಲ್ಲಿ ಸೇರಿಕೊಂಡಿತ್ತು. ಎಡಗೈಯಿಂದ ಅದನ್ನು ಎಳೆದು ಆಚೆ ತಂದ, ಅದು ಮತ್ತೆ ಹೋಯಿತು. ಮತ್ತೆ ಎಳೆದ. ಬಿಳಿ ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿತು. ಒತ್ತಣ್ಣ, ಏನಾಗಲ್ಲ, ಒತ್ತಣ್ಣ ಎಂದು ಯಾರೋ ಮೆತ್ತಗೆ ಹೇಳಿದರು. ಅಪ್ಪ ನೆಲ ನೋಡುತ್ತಿದ್ದ. ನಾನು ಇದ್ದವರನ್ನೆಲ್ಲ ತಳ್ಳಿಕೊಂಡು ಮುಂದೆ ಹೋದೆ.

"ಏಳು ಚಿಕ್ಕಪ್ಪ. ಸಾಕು. ಮನೆಗೆ ಹೋಗೋಣ" ಎಂದು ಅವನ ಭುಜ ಹಿಡಿದೆ.

ಅವನು ಏಳಲು ನೋಡಿದ. ಅರ್ಧ ಎದ್ದ ಕೂಡ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಯಾರೋ, "ತಲೆ ಇನ್ನೂ ಸರಿ ಓಗಿಲ್ಲ ಕಣ್ರೋ, ಪಾಪ" ಎಂದರು. ಅಣಕವಲ್ಲ, ನಿಜವಾಗಿ ಕನಿಕರದ ದನಿ. ಚಿಕ್ಕಪ್ಪ ಅಲ್ಲೇ ಕೂತುಬಿಟ್ಟ. ಗೆಳೆಯ ಗುಂಪಿನಿಂದ ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆ ಬಂದ. ಕೈಯಲ್ಲಿ ಲೋಟ ಇತ್ತು, ಅದರ ಮೇಲೆ ಟವೆಲ್ಲು ಮುಚ್ಚಿದ್ದ. ಅವನ ಕಣ್ಣಲ್ಲಿ ನೀರು ಇತ್ತು. ಬೇಡ ಎಂದು ನಾನು ಕೂಗಿದೆ. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ, ಬಾಯಿ ಒರೆಸಿಕೊಂಡ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ. ಕೈ ತಾನಾಗಿ ಕಂಕುಳಿಂದ ಆಚೆ ಬಂತು.

ಪ್ರೆಸ್ಸು ಧಡ್ ಎಂದು ಬಿತ್ತು. ಶೆಡ್ಡೆಲ್ಲ ಚಪ್ಪಾಳೆ. ಅವನು ತುಂಡು ತೆಗೆದು ಡಬ್ಬಕ್ಕೆ ಹಾಕಿ ಇನ್ನೊಂದು ಒತ್ತಿದ, ಮತ್ತೊಂದು ಒತ್ತಿದ. ಅಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಮೈಸೂರುಪಾಕು ಹಂಚಿದ. ನನ್ನ ಕೈಯಲ್ಲೂ ಒಂದು ತುಂಡು ಇಟ್ಟ. ನೋಡಿದೆಯಾ ಎನ್ನುವ ಹಾಗೆ ತಲೆ ಸವರಿದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಬಹಳ ಸುಸ್ತಾಗಿತ್ತು.

ಜನ ಕರಗಿದ ಮೇಲೆ ಚಿಕ್ಕಪ್ಪ ನಾನು ನಿಂತಿದ್ದ ಗೋಡೆಯ ಹತ್ತಿರ ಬಂದ. ಬಾಯಿಂದ ಆ ಹಳೆಯ ವಾಸನೆ. ಮುಖ ಮಾತ್ರ ತಪ್ಪು ಮಾಡಿದವರ ಮುಖವಾಗಿರಲಿಲ್ಲ, ಬಳಲಿದವರ ಮುಖ. ನನ್ನ ಕೈಯಲ್ಲಿ ಹಾಗೇ ಇದ್ದ ಮೈಸೂರುಪಾಕನ್ನು ನೋಡಿ, ತಿನ್ನು ಎಂದ. ಆಮೇಲೆ ಬಗ್ಗಿ ದನಿ ತಗ್ಗಿಸಿದ.

"ಡಾಕ್ಟ್ರಿಗೆ ಇದ ಏಳ್ಬ್ಯಾಡ ಕಣವ್ವ. ಪಾಪ, ನಂಗೋಸ್ಕರ ಬೋ ಕಷ್ಟಪಟ್ರು. ನೊಂದ್ಕತಾರೆ."

ಆಗಲಿ ಎಂದು ತಲೆಯಾಡಿಸಿದೆ. ಅವನು ಸಮಾಧಾನದಿಂದ ಹೋಗಿ ಮತ್ತೆ ಪ್ರೆಸ್ಸಿಗೆ ಕೂತ. ಅವತ್ತೇ ಮಧ್ಯಾಹ್ನ ನಾನು ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ಹೇಳಿದೆ, ಗೈಡಿಗೆ ಹೇಳಿದೆ. ಮಾರನೆಯ ವರ್ಷ ಚಿಕ್ಕಪ್ಪ ತೀರಿಕೊಂಡ. ಹೇಳುವುದನ್ನು ನಾನು ಇನ್ನೂ ನಿಲ್ಲಿಸಿಲ್ಲ.